ಮೆಲುದನಿಯ ಡ್ರೈವರ್ ಕಾಕಾ

ಕೊಂಕಣಿ ಮಾತಾಡುವ ಊರಾದ ಸಾವರ್ಡೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಲಾರಿ ಡ್ರೈವರ್ ಕಾಕಾಗೆ ಮೆಲುದನಿಯ ಹಳೆಯ ಗಾಯಕರೆಂದರೆ ಪ್ರಾಣ. ಮೊಬೈಲನ್ನು ಕಿವಿಗೆ ಒತ್ತಿಕೊಂಡು, "ಒದರಾಕ ಎಲ್ಲಾರಿಗೂ ಬರ್ತೈತ್ರಿ. ಇವ್ರು ನನಗೊಬ್ಬಂಗ ಹೇಳಿದಂಗ ಹಾಡ್ತಾರ" ಎನ್ನುತ್ತಿದ್ದರು.

ನಮ್ಮ ಬಾಡಿಗೆ ಮನೆಗಳ ಮಾಲೀಕರ ಮಗಳ ಮದುವೆಯಲ್ಲಿ ಬ್ಯಾಂಡಿನವನೊಬ್ಬ ಅರಚಿ ಅರಚಿ ಹಾಡುತ್ತಿದ್ದ. ಕಾಕಾ ತಡೆಯಲಾರದೆ ವೇದಿಕೆ ಹತ್ತಿ, ಮೆಲ್ಲಗೆ ಹಾಡೆಂದು ಕೊಂಕಣಿಯಲ್ಲಿ ಹೇಳಿದರು. ಅವನು ನಕ್ಕು ಅವರ ಕೈಗೇ ಮೈಕ್ ಕೊಟ್ಟುಬಿಟ್ಟ.

ಕಾಕಾ ಮೈಕನ್ನು ತುಟಿಯ ಹತ್ತಿರ ತಂದು, ಗುಟ್ಟು ಹೇಳುವಂತೆ ಒಂದು ಕನ್ನಡ ಹಾಡು ಹಾಡಿದರು. ಕುಣಿಯುತ್ತಿದ್ದ ಜೋಡಿಗಳು ಭಾಷೆ ತಿಳಿಯದಿದ್ದರೂ ನಿಧಾನವಾಗಿ ಹತ್ತಿರ ಸರಿದವು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವರು ಕೆಳಗಿಳಿದು ಬಂದಾಗ, ನನ್ನ ಪಕ್ಕದಲ್ಲಿದ್ದ ಅವರ ಹೆಂಡತಿ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

"ಮನ್ಯಾಗ ನನಗ ಹಾಡೂದನ್ನ ಇಲ್ಲ್ಯಾಕ ಹಾಡಿದ್ರಿ?" ಎಂದು ಗದರಿದರು.