ಸೀರಿಯಲ್ ದೊಡ್ಡವಳು ಗೂಡಿನ ಮಾರ್ಕೆಟ್ಟಿಗೆ ಹೋದಾಗ

"ನಿಮ್ಮಕ್ಕ ಮಾರ್ಕೆಟ್ಟಿಗಾ? ಅವಳು ಸೀರಿಯಲ್ ದೊಡ್ಡವಳ ಥರ ಕಣಮ್ಮ. ಮೊದಲನೇ ರೇಟಿಗೇ ತಲೆಯಾಡಿಸಿ ಬರ್ತಾಳೆ!"

ಹೀಗಂದದ್ದು ನಮ್ಮ ಭಾವ. ಸಾದಲಿಯ ಮನೆಯಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಟಿವಿ ಎದುರು ಮಂಚದ ಮೇಲೆ. ರೇಷ್ಮೆ ಗೂಡು ಬಿಡಿಸಿ ಆಗಿತ್ತು. ಬೆಳಗ್ಗೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಲೇಬೇಕು. ತಡವಾದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತೆ, ಇಡೀ ಬೆಳೆ ಹೋದ ಹಾಗೆ. ಪಕ್ಕದ ಮನೆಯವರ ಕೈಲಿ ಕಳಿಸೋಣ ಅಂತ ಭಾವ. ನಾನೇ ಹೋಗ್ತೀನಿ ಅಂತ ಅಕ್ಕ.

ಭಾವ ಹೇಳಿದಂಥ ಸೀರಿಯಲ್ಲೊಂದು ನಿಮ್ಮ ಮನೆಯಲ್ಲೂ ಓಡ್ತಿರುತ್ತೆ, ಸುಳ್ಳು ಹೇಳಬೇಡಿ. ಮೂವರು ಅಕ್ಕತಂಗಿಯರು. ದೊಡ್ಡವಳು ಯಾರು ಏನು ಕೇಳಿದರೂ ಕೊಡ್ತಾಳೆ, ಆಮೇಲೆ ಅಡುಗೆಮನೆಯಲ್ಲಿ ಸೆರಗು ಕಚ್ಚಿ ಅಳ್ತಾಳೆ. ನಡುವಿನವಳು ಓದಿದವಳು. ಊಟಕ್ಕೆ ಕೂತರೂ ಕಾನೂನು ಮಾತಾಡ್ತಾಳೆ. ಚಿಕ್ಕವಳು? ಸ್ಕೂಟಿ, ಬಾಯಿ, ಬೆಂಕಿ!

ಅಕ್ಕನ ಅತ್ತೆ ನಮಗೂ ಪಾತ್ರ ಹಂಚಿಬಿಟ್ಟಿದ್ದಾರೆ. ಅಕ್ಕ ದೊಡ್ಡವಳು. ನಾನು ನಡುವಿನವಳು. (ನಮ್ಮ ವಂಶದಲ್ಲೇ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಕಷ್ಟಪಟ್ಟು ಓದಿದ್ದೀನಿ, ಹೇಳ್ಕೊಳ್ತೀನಿ ಬಿಡಿ.) ಇರೋದು ನಾವಿಬ್ಬರೇ, ಹಾಗಾಗಿ ಚಿಕ್ಕವಳ ಪೋಸ್ಟ್ ಖಾಲಿ.

ಅಕ್ಕ ಹಟ ಬಿಡಲಿಲ್ಲ. ಮಾರನೇ ದಿನ ನಾನೂ ರಜೆ ಹಾಕಿ ಟೆಂಪೋ ಹತ್ತಿದೆ.

ಮಾರ್ಕೆಟ್ಟಿನಲ್ಲಿ ಗೂಡು ಸುರಿದು ನಿಂತೆವು. ನೂಲು ಬಿಚ್ಚುವ ರೀಲರುಗಳು ಬರ್ತಾರೆ, ಗೂಡು ಒತ್ತಿ, ಕುಲುಕಿ ನೋಡ್ತಾರೆ, ಮೊಬೈಲಿನಲ್ಲೇ ಹರಾಜು ಕೂಗ್ತಾರೆ. ಬಂದ ಬೆಲೆಯನ್ನು ರೈತರು ಒಪ್ಪಬಹುದು, ಬಿಟ್ಟು ಮುಂದಿನ ಸುತ್ತಿಗೆ ಕಾಯಬಹುದು.

ಮೊದಲ ಸುತ್ತು. ಕಡಿಮೆ ಬಂತು. ಅಲ್ಲಿನ ಸಿಬ್ಬಂದಿ ಅಕ್ಕನನ್ನು ಕೇಳಿದರು, "ಒಪ್ಪಿಗೇನಾಮ್ಮ?"

"ಇಲ್ಲ."

ಎರಡನೇ ಸುತ್ತು. ಇನ್ನೂ ಇಳೀತು! ನಾನು ಅಕ್ಕನ ಸೆರಗು ಜಗ್ಗಿದೆ.

"ಕೊಟ್ಬಿಡಕ್ಕ. ಇದೂ ಹೋದ್ರೆ ಭಾವಂಗೆ ಏನ್ ಹೇಳ್ತೀಯ?"

"ಸುಮ್ನಿರೇ. ನಮ್ ಗೂಡು ಮುಟ್ಟಿದೋನು ಇನ್ನೂ ಇಲ್ಲೇ ಸುತ್ತತಾ ಅವ್ನೆ, ನೋಡು."

ಸುತ್ತುತ್ತಿದ್ದ ರೀಲರ್ ಬಂದೇ ಬಂದ. "ಏಮಮ್ಮಾ, ಇಸ್ತಾವಾ ಲೇದಾ?" ಕೊಡ್ತೀಯೋ ಇಲ್ವೋ ಅಂತ.

"ಆ ರೇಟುಕಿ ಇಯ್ಯನು," ಅಂದಳು ನಮ್ಮಕ್ಕ, ಅವನ ತೆಲುಗಿನಲ್ಲೇ. ಆ ರೇಟಿಗೆ ಕೊಡಲ್ಲ ಅಂದರೆ ಕೊಡಲ್ಲ! ದನಿ ಏರಲಿಲ್ಲ. ಕಣ್ಣು ಒದ್ದೆಯಾಗಲಿಲ್ಲ.

ಮೂರನೇ ಸುತ್ತು. ಏರಿತು ಸ್ವಾಮಿ! ಮೊದಲ ಬೆಲೆ ದಾಟಿ ಮೇಲೆ ಹೋಯ್ತು, ಇನ್ನೂ ಮೇಲೆ ಹೋಯ್ತು. ನಾನು ಚಪ್ಪಾಳೆ ತಟ್ಟಿಬಿಟ್ಟೆ. (ಪಕ್ಕದಲ್ಲಿದ್ದ ಪೆರೇಸಂದ್ರದ ಯಜಮಾನರು, "ಏನಮ್ಮ, ಕ್ರಿಕೆಟ್ಟಾ?" ಅಂದರು.)

"ಈಗ ಒಪ್ಪಿಗೆ," ಅಂದಳು ಅಕ್ಕ.

ಮನೆಗೆ ಬಂದು ಹೇಳಿದರೆ ಭಾವ ಟಿವಿ ಆರಿಸಿದರು. ಆಮೇಲೆ, "ಮುಂದಿನ ಬೆಳೆಗೂ ನೀನೇ ಹೋಗು," ಅಂದರು. ಅತ್ತೆಗೆ ಮಾತ್ರ ಲೆಕ್ಕವೇ ತಪ್ಪಿಹೋಯ್ತು.

"ಅಯ್ಯೋ! ಹಂಗಾದ್ರೆ ಇವಳು ದೊಡ್ಡವಳಲ್ಲ ಕಣೋ, ಚಿಕ್ಕವಳು!"

ಅಕ್ಕ ಬಿದ್ದು ಬಿದ್ದು ನಕ್ಕಳು. "ಬೇಡ ಅನ್ನೋಕೂ ಚಿಕ್ಕವಳೇ ಆಗ್ಬೇಕಾ ಅತ್ತೆ?"

ನೋಡಿ, ಪಾತ್ರ ಬದಲಾಯಿಸೋಕೆ ನಾವು ರೆಡಿ. ಪಾತ್ರ ಹಂಚೋದನ್ನು ನಿಲ್ಲಿಸೋಕೆ ರೆಡಿ ಇಲ್ಲ. ಗುಣ ಅನ್ನೋದೇನು ಹುಟ್ಟಿದ ಸರದಿಯಲ್ಲಿ ಕೊಡುವ ರೇಷನ್ನಾ? ನಮ್ಮಕ್ಕ ಒಂದೇ ಬೆಳಗ್ಗೆ ಬೇರೆ ಹೆಂಗಸೂ ಆಗಲಿಲ್ಲ. ಆ ಗಲಾಟೆಯ ಮಾರ್ಕೆಟ್ಟಿನಲ್ಲಿ ಒಬ್ಬರು ಅವಳ ಮುಖ ನೋಡಿ, ನಿನಗೆ ಒಪ್ಪಿಗೆಯಾ ಅಂತ ಕೇಳಿದರು. ಅವಳು ಉತ್ತರ ಹೇಳಿದಳು, ಅಷ್ಟೇ.

ಅಲ್ಲ, ಸೀರಿಯಲ್ಲಿನ ಆ ದೊಡ್ಡವಳನ್ನು ಇಷ್ಟು ಎಪಿಸೋಡುಗಳಲ್ಲಿ ಯಾರಾದರೂ ಒಂದೇ ಒಂದು ಸಲ ಹಾಗೆ ಕೇಳಿದ್ದಾರಾ?