ಮರವಂತೆಯವಳು ದೋಣಿ ಹತ್ತಿದ್ದು

ದೋಣಿ ಓಲಾಡಿದ್ದೇ ಬೆಳಿಗ್ಗೆ ತಿಂದಿದ್ದೆಲ್ಲ ಹೊರಬಂತು. “ಶಲ್ ವಿ ಟರ್ನ್ ಬ್ಯಾಕ್, ಲವ್?” ಎಂದ, ಎಲ್ಲರನ್ನೂ ‘ಲವ್’ ಎಂದೇ ಕರೆಯುವ ದೋಣಿಯವನಿಗೆ ವಾಪಸು ಹೋಗುವುದು ಬೇಡವೆಂದು ತಲೆಯಾಡಿಸಿ, ಗಾಳದ ದಾರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿರುವ ನಾನು ಗೆಳತಿಯರೊಡನೆ ವಿಟ್ಬಿಯ ಕಡಲಿಗಿಳಿದಿದ್ದೆ. ಮರವಂತೆಯ ನಮ್ಮ ಮನೆಯಲ್ಲಿ ಹೆಂಗಸರು ಮೀನು ಮಾರಬಹುದು, ದೋಣಿ ಹತ್ತುವಂತಿಲ್ಲ. ಕೊನೆಗೂ ದಾರ ಜಗ್ಗಿತು. ಒದ್ದಾಡುವ ಬಂಗುಡೆಯನ್ನು ನಾನೇ ಮೇಲೆಳೆದೆ.

ಮರುದಿನ ಕಾಲಿಂಗ್ ಕಾರ್ಡ್ ಹಾಕಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ.

“ಹೆಣ್ಮಕ್ಳ್ ದೋಣಿ ಹತ್ತುಕಾಗ ಅಂದೇಳಿ ಗೊತ್ತಿಲ್ಯಾ ನಿಂಗೆ?” ಎಂದು ರೇಗಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಅಲ್ಲಿಂದ ಕಂಡ್ರೆ ದಡ ಹ್ಯಾಂಗ್ ಕಾಣತ್ತ್?”

ಬದುಕಿಡೀ ನಮ್ಮೂರ ದಡದಲ್ಲೇ ಮೀನುಬುಟ್ಟಿ ಇಟ್ಟುಕೊಂಡು ಕೂತವಳು ಅಮ್ಮ. ಅದನ್ನು ಅವಳೇ ಕಣ್ಣಾರೆ ಕಾಣಲಿ. ರಜೆಗೆ ಊರಿಗೆ ಹೋದಾಗ, ಅಪ್ಪ ಏನೇ ಅನ್ನಲಿ, ಅವಳನ್ನು ದೋಣಿ ಹತ್ತಿಸುವವಳೇ ನಾನು.