ಅವ್ವನ ಸೀರೆಗೆ ಕರಟದ ಕೆಂಡ

ನಮ್ಮವ್ವನ ಧಾರೆ ಸೀರೆ ಸುಟ್ಟವಳು ನಾನು. ಊರೆಲ್ಲ ತಿಳಿದಿರುವಂತೆ ನನ್ನ ಅಕ್ಕನ ಸೊಸೆಯಲ್ಲ. ಈ ಒಂದು ಮಾತನ್ನು ಅವತ್ತೇ ಹೇಳಿದ್ದರೆ ಇವತ್ತು ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ.

ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳನ್ನು ಸಂಪಿಗೆ ಎಂಬ ಊರಿನ ಕಡೆಯ ತೋಟದ ಮನೆಗೆ ಕೊಟ್ಟಾಗ ನಾನೂ ಹಿಂದೆಯೇ ಹೋದೆ, ನನ್ನ ಮದುವೆಯಾಗುವವರೆಗೂ ಅಲ್ಲೇ ಇದ್ದೆ. ನಾನು ಬೇರೆ ಯಾವುದರಲ್ಲೂ ಜಾಣೆಯಲ್ಲ. ಬಟ್ಟೆ ಒಗೆಯುವುದು, ಮಡಚುವುದು ಮಾತ್ರ ಅಚ್ಚುಕಟ್ಟಾಗಿ ಬರುತ್ತಿತ್ತು. ಮನೆಗೆ ಯಾರೇ ಬರಲಿ, ಅಕ್ಕ ಅದನ್ನೇ ಹೇಳಿ ಹೊಗಳುತ್ತಿದ್ದಳು. ಹೊಗಳುವುದಕ್ಕೆ ನನ್ನಲ್ಲಿ ಅದು ಬಿಟ್ಟು ಇನ್ನೇನೂ ಇಲ್ಲ ಎಂದು ನನಗೂ ಗೊತ್ತಿತ್ತು.

ಅವ್ವನ ಸೀರೆ ಅಕ್ಕನ ಪೆಟ್ಟಿಗೆಯಲ್ಲಿತ್ತು. ಅರಿಶಿನ ಬಣ್ಣದ ರೇಷ್ಮೆ, ಕೆಂಪು ಅಂಚು. ವರ್ಷಕ್ಕೊಮ್ಮೆ ಇಬ್ಬರೂ ಸೇರಿ ತೊಳೆಯುತ್ತಿದ್ದೆವು. ಸೋಪು ಮುಟ್ಟಿಸುತ್ತಿರಲಿಲ್ಲ. ಅಂಟುವಾಳಕಾಯಿ ನೆನೆಸಿ, ಕಿವುಚಿ, ಸೋಸಿದ ನೊರೆನೀರಿನಲ್ಲಿ ಸೀರೆಯನ್ನು ಅದ್ದಿ ಅದ್ದಿ ಎತ್ತಬೇಕು. ಕಲ್ಲಿಗೆ ಬಡಿಯುವಂತಿಲ್ಲ, ಹಿಂಡುವಂತಿಲ್ಲ. ಹಳೇ ಪಂಚೆಯೊಳಗೆ ಸುತ್ತಿ, ಅಂಗೈಯಲ್ಲಿ ಒತ್ತಿ ನೀರು ತೆಗೆದು, ಪಡಸಾಲೆಯ ನೆರಳಲ್ಲಿ ಆರಹಾಕಬೇಕು. ಇಸ್ತ್ರಿ ಮಾಡುವಾಗ ಸೀರೆಯ ಒಳಮೈ ಮೇಲೆ ಬರಬೇಕು, ಅದರ ಮೇಲೊಂದು ತೆಳು ಬಟ್ಟೆ ಇರಬೇಕು. ಕೆಂಡ ತುಂಬುವ ಇಸ್ತ್ರಿಪೆಟ್ಟಿಗೆಯ ಕಾಲ ಅದು. ನಮ್ಮ ಕಡೆ ಕರಟಕ್ಕೆ ಬರವಿಲ್ಲ, ಕೊಬ್ಬರಿ ಮಾಡಿದ ಮನೆಯ ಹಿಂದೆ ಗುಡ್ಡೆ ಬಿದ್ದಿರುತ್ತದೆ. ದಿನದ ಬಟ್ಟೆಗೆಲ್ಲ ಅದರದೇ ಕೆಂಡ. ಆದರೆ ಕರಟದ ಕಾವು ಜೋರು, ಬೇಗ ಇಳಿಯುವುದೂ ಇಲ್ಲ. ಹಾಗಾಗಿ ಈ ಸೀರೆಗೆ ಮಾತ್ರ ಅಕ್ಕ ಹುಣಸೆ ಸೌದೆ ಉರಿಸಿ, ಕೆಂಡದ ಮೇಲೆ ಬೂದಿ ಕಟ್ಟುವವರೆಗೆ ಕಾಯುತ್ತಿದ್ದಳು. "ರೇಷ್ಮೆಗೆ ಕರಟ ಆಗಲ್ಲ ಕಣೇ, ಮರೀಬೇಡ" ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಕರೆಂಟಿನ ಇಸ್ತ್ರಿಪೆಟ್ಟಿಗೆ ಬಂದ ಮೇಲೆ ಹಳೆಯದು ಅಟ್ಟ ಸೇರಿತು.

ತನ್ನ ಮಗಳಿಗೆ ಧಾರೆಯ ಹೊತ್ತಿಗೆ ಅಜ್ಜಿಯ ಸೀರೆಯನ್ನೇ ಉಡಿಸಬೇಕೆಂದು ಅಕ್ಕನಿಗೆ ಬಹಳ ವರ್ಷದ ಆಸೆ. ಮದುವೆಯ ಹಿಂದಿನ ದಿನ ಸೀರೆಯನ್ನು ಇಸ್ತ್ರಿ ಮಾಡುವ ಕೆಲಸವನ್ನು ಸೊಸೆಗೆ ಒಪ್ಪಿಸಿದಳು. ಸೊಸೆ ತಿಪಟೂರಿನ ಪೇಟೆಯಲ್ಲಿ ಬೆಳೆದವಳು, ಮನೆ ತುಂಬಿ ಆಗಿನ್ನೂ ವರ್ಷವಾಗಿತ್ತು. ನಾನು ಇರುವಾಗ ಅವಳಿಗೆ ಹೇಳಿದಳಲ್ಲ ಎಂದು ನನಗೆ ಹೊಟ್ಟೆಕಿಚ್ಚು. ಅಷ್ಟರಲ್ಲಿ ಕರೆಂಟು ಹೋಯಿತು.

"ಕರೆಂಟ್ ಬರ್ಲಿ ಬುಡಿ ಚಿಕ್ಕತ್ತೆ, ಸಾಯಂಕಾಲ ಮಾಡಿದ್ರಾಯ್ತು" ಅಂದಳು ಸೊಸೆ.

ಪೇಟೆಯವರಿಗೆ ಸ್ವಿಚ್ ಒತ್ತುವುದು ಬಿಟ್ಟರೆ ಇನ್ನೇನು ಬರುತ್ತದೆ ಎಂದು ನಾನು ನೆಂಟರ ಮುಂದೆಯೇ ಹಂಗಿಸಿದೆ. ಅಟ್ಟದಿಂದ ಹಳೇ ಪೆಟ್ಟಿಗೆ ಇಳಿಸಿದೆ. ಅವಳು ಬಂದವರಿಗೆ ಕಾಫಿ ಕೊಡಲು ಹೋದಳು. ಹಿತ್ತಲಿನ ನೀರೊಲೆಯಲ್ಲಿ ಕರಟ ಉರಿಯುತ್ತಿತ್ತು. ಹುಣಸೆ ಸೌದೆ ಹುಡುಕುತ್ತಾ ಹೋದರೆ ಕರೆಂಟು ಬಂದುಬಿಟ್ಟೀತು, ನನ್ನ ಕೈಚಳಕ ತೋರಿಸುವ ಅವಕಾಶ ತಪ್ಪೀತು ಎನ್ನುವುದೇ ನನ್ನ ಚಿಂತೆ. ಕರಟದ ಕೆಂಡವನ್ನೇ ತುಂಬಿದೆ.

ಸೀರೆಯ ಒಡಲೆಲ್ಲ ಚೆನ್ನಾಗಿಯೇ ಬಂತು. ಸೆರಗಿನ ಹತ್ತಿರ ಯಾರೋ ಕೂಗಿದರೆಂದು ಒಂದು ಗಳಿಗೆ ತಿರುಗಿದೆ. ಕೂದಲು ಸುಟ್ಟ ವಾಸನೆ ಬಂತು. ತೆಳು ಬಟ್ಟೆ ಎತ್ತಿ ನೋಡಿದರೆ ಕೆಳಗೆ ಅಂಗೈಯಗಲ ಕಂದುಬಣ್ಣ, ನಡುವೆ ರೇಷ್ಮೆ ಹಪ್ಪಳದಂತೆ ಗರಿಗರಿಯಾಗಿತ್ತು. ಆಗ ನನ್ನ ಕೈ ಏನು ಮಾಡಿತು ಗೊತ್ತೇ? ಸುಟ್ಟ ಜಾಗ ಒಳಗೆ ಹೋಗುವಂತೆ ಅಚ್ಚುಕಟ್ಟಾಗಿ ಮಡಚಿತು. ಬೀರುವಿನಲ್ಲಿ ಇಟ್ಟು ಬಂದೆ.

ಮಾರನೆಯ ದಿನ ಮದುಮಗಳಿಗೆ ಉಡಿಸಲು ಅಕ್ಕ ಸೀರೆಯ ಮಡಿಕೆ ಬಿಚ್ಚಿದಳು. ಸುಟ್ಟ ಜಾಗವನ್ನು ಬೆರಳಲ್ಲಿ ಸವರಿದಳು, ಅದು ಪುಡಿಯಾಗಿ ಉದುರಿತು. ಯಾರು ಮಾಡಿದ್ದು ಎಂದು ಕೇಳಿದಳು.

"ಚಿಕ್ಕತ್ತೆ ಮಾಡಿದ್ದು ಅತ್ತೆ" ಅಂದಳು ಸೊಸೆ.

ಎಲ್ಲರೂ ನನ್ನ ಕಡೆ ನೋಡಿದರು. "ನಾನ್ ಮಡಚಿಟ್ಟಾಗ ಚೆನ್ನಾಗೇ ಇತ್ತು ಕಣಕ್ಕ. ಕರೆಂಟ್ ಬಂದ್ಮೇಲೆ ಇವ್ಳೇ ಇನ್ನೊಂದ್ಸಲ ಇಸ್ತ್ರಿ ಎಳೆದ್ಲೇನೋ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಆ ಹುಡುಗಿ ಅಕ್ಕನ ಮುಖ ನೋಡಿದಳು, ಸುಟ್ಟ ಸೀರೆಯನ್ನು ಮಡಚತೊಡಗಿದಳು. ಮುಹೂರ್ತ ಮೀರುತ್ತದೆಂದು ಬೇರೆ ಸೀರೆ ಉಡಿಸಿದರು.

ಅಲ್ಲಿಂದೀಚೆಗೆ ಆರು ವರ್ಷ ಅಕ್ಕ ತನ್ನ ಒಂದು ಸೀರೆಯನ್ನೂ ಸೊಸೆಯ ಕೈಗೆ ಕೊಟ್ಟಿಲ್ಲ. ನೆಂಟರು ಬಂದಾಗಲೆಲ್ಲ ಆ ಕಥೆ ಹೇಳುತ್ತಾಳೆ, ಕೊನೆಗೆ ನನ್ನ ತಂಗಿ ಮಡಚಿಟ್ಟಿದ್ದನ್ನು ಮುಟ್ಟದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಸೇರಿಸುತ್ತಾಳೆ. ಸೊಸೆ ಅಲ್ಲೇ ಬಡಿಸುತ್ತಿರುತ್ತಾಳೆ. ನಾನು ಅಲ್ಲೇ ಉಣ್ಣುತ್ತಿರುತ್ತೇನೆ.

ಈ ಬೇಸಿಗೆಯಲ್ಲಿ ಅಕ್ಕ ಎಂದಿನಂತೆ ಸೀರೆ ತೊಳೆಯಲು ಕರೆಸಿಕೊಂಡಳು. ತೂತು ಬಿದ್ದರೂ ಅದನ್ನು ತೊಳೆಯುವುದನ್ನು ಅವಳು ಬಿಟ್ಟಿಲ್ಲ. ನೊರೆನೀರಿನಲ್ಲಿ ಕೈ ಅದ್ದಿಕೊಂಡೇ ಹೇಳಿಬಿಟ್ಟೆ, ಸುಟ್ಟವಳು ನಾನು ಎಂದು. ಅಕ್ಕ ನಕ್ಕಳು.

"ನಿಂದು ಒಳ್ಳೇ ಮನ್ಸು ಕಣೇ. ಅವಳ ತಪ್ಪನ್ನೂ ಮೈಮೇಲೆ ಹಾಕ್ಕೋತೀಯ."

ಕರಟದ ಕೆಂಡ ಹಾಕಿದ್ದೆ ಅಂದೆ.

"ನೀನಾ? ಅಷ್ಟು ಸಲ ಹೇಳಿ ಕಲ್ಸಿದೀನಿ. ನೀನು ಹಾಕಲ್ಲ ಬುಡು."

ಮೂರನೇ ಸಲ ಹೇಳಬಹುದಿತ್ತು. ಅವಳ ಕೈ ಹಿಡಿದು, ಅವ್ವನ ಮೇಲೆ ಆಣೆ ಇಟ್ಟು ಹೇಳಬಹುದಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಹಾಯೆನಿಸಿತು. ತಲೆ ಎತ್ತಿದರೆ ಬಾಗಿಲಲ್ಲಿ ಸೊಸೆ ಕಾಫಿ ಲೋಟ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಾನು ಮುಂದೆ ಏನಾದರೂ ಹೇಳುತ್ತೇನೇನೋ ಎಂದು ಇನ್ನೂ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಲೋಟಗಳನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಸೀರೆಯನ್ನು ಪಂಚೆಯೊಳಗೆ ಸುತ್ತಿದೆವು. ಸೆರಗಿನ ಕಡೆಯನ್ನು ಅಕ್ಕ ನನ್ನತ್ತ ತಿರುಗಿಸಿದಳು.

"ಸುಟ್ಟಿರೋ ಕಡೆ ನೀನೇ ಒತ್ತು. ನಿನ್ನ ಕೈ ಹಗುರ."

ಒತ್ತಿದೆ.